ಅಕ್ಕನ ತಲೆಯಲ್ಲಿ ಪಿನ್ನು ಇರಲಿಲ್ಲ

ಆ ಅಜ್ಜಿಯ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಎರಡು ವರ್ಷ, ವಾರಕ್ಕೆ ಐದು ಬೆಳಿಗ್ಗೆ, ಆ ಕೈಯನ್ನು ನಾನು ಬಿಸಿನೀರಿನ ಬಟ್ಟೆಯಿಂದ ಒರೆಸಿದ್ದೇನೆ. ಬೆರಳು ಹೇಗೆ ಹೋದವು ಅಂತ ಒಮ್ಮೆಯೂ ಕೇಳಿರಲಿಲ್ಲ. ಎಸ್ಕಿಲ್‌ಸ್ಟುನಾ ಸ್ವೀಡನ್ನಿನ ಒಂದು ಕಾರ್ಖಾನೆಗಳ ಊರು, ಇಲ್ಲಿನ ಮುದುಕರ ಕೈಯಲ್ಲಿ ಒಂದೆರಡು ಬೆರಳು ಕಡಿಮೆ ಇದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ನಾನೂ ಭದ್ರಾವತಿಯವಳು. ಪಾಳಿಯ ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಊಟಕ್ಕೆ ಕೂತು ಬೆಳೆದವಳು. ಅಂಥ ಕೈಗಳನ್ನು ಚಿಕ್ಕಂದಿನಿಂದ ನೋಡಿದ್ದೆ.

ನನ್ನ ಗಂಡನಿಗೆ ಇಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿದ್ದರಿಂದ ನಾವು ಬಂದದ್ದು. ಬೆಂಗಳೂರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ನಾನು ಇಲ್ಲಿ ಸ್ವೀಡಿಷ್ ಕಲಿತು ಮುಗಿಸುವಷ್ಟರಲ್ಲಿ, ಒಂದು ಖಾಸಗಿ ಸಂಸ್ಥೆಯಲ್ಲಿ ವಯಸ್ಸಾದವರ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಹಿಡಿದಿದ್ದೆ. ಸ್ಟಾಕ್‌ಹೋಮ್‌ನಲ್ಲಿ ಕನ್ನಡದವರು ಸೇರಿದಾಗ ಯಾರಾದರೂ ಕೇಳಿದರೆ “ಹೆಲ್ತ್‌ಕೇರ್‌ನಲ್ಲಿದೀನಿ” ಅನ್ನುತ್ತಿದ್ದೆ. ಡಾಕ್ಟರೋ ಸಾಫ್ಟ್‌ವೇರೋ, ಅವರೇ ಏನಾದರೂ ಅಂದುಕೊಳ್ಳಲಿ ಅಂತ ಬಿಡುತ್ತಿದ್ದೆ.

ಅಜ್ಜಿಗೆ ತೊಂಬತ್ತೇಳು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಒಬ್ಬನೇ ಮಗ ವೆಸ್ಟೆರಾಸ್‌ನಲ್ಲಿದ್ದ. ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ದುಡಿದು ನಿವೃತ್ತನಾದವನು, ಭಾನುವಾರ ಬಂದು ಹೋಗುತ್ತಿದ್ದ. ನನ್ನ ಪಾಲಿಗೆ ದಿನಕ್ಕೆ ಇಪ್ಪತ್ತೈದು ನಿಮಿಷ. ಕಾಲಿಗೆ ಬಿಗಿ ಸಾಕ್ಸು ಹಾಕಬೇಕು, ಮಾತ್ರೆ ಕೊಡಬೇಕು, ಓಟ್ಸ್ ಗಂಜಿ ಕಾಯಿಸಿ ಕಾಫಿ ಮಾಡಿ ಫೋನಿನಲ್ಲಿ ಟಿಕ್ ಹಾಕಿ ಮುಂದಿನ ಮನೆಗೆ ಓಡಬೇಕು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ‘ದು’, ಅಂದರೆ ‘ನೀನು’, ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಆದರೆ ಮನಸ್ಸಿನೊಳಗೆ ಅವರು ‘ನೀವು’ ಆಗಿಯೇ ಇದ್ದರು.

ಒಂದು ಬೆಳಿಗ್ಗೆ ಅಜ್ಜಿ ದಪ್ಪ ಕಾಗದದ ಲಕೋಟೆಯೊಂದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

“ಕಣ್ಣು ಕಾಣಲ್ಲ. ಓದು.”

ಅರಮನೆಯಿಂದ ಬಂದ ಕಾಗದ. ಮಹಾಯುದ್ಧದ ಕಾಲದಲ್ಲಿ ದೇಶದ ಗಡಿ ಕಾದವರಲ್ಲಿ, ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರಲ್ಲಿ ಇನ್ನೂ ಬದುಕಿರುವವರನ್ನು, ಈಚೆಗೆ ಹೊರದೇಶಗಳಲ್ಲಿ ಸೇವೆ ಮಾಡಿ ಬಂದ ಸೈನಿಕರ ಜೊತೆಗೆ ಕೂರಿಸಿ ಗೌರವಿಸುತ್ತಾರೆ, ರಾಜಮನೆತನದವರ ಕೈಯಿಂದ ಪದಕ ಕೊಡಿಸುತ್ತಾರೆ ಎಂದಿತ್ತು. ಜೊತೆಗೆ ಇಬ್ಬರು ಬರಬಹುದು.

“ಎಂಥ ಗೌರವ!” ಅಂದೆ. ಹಾಗೆ ಅನ್ನಬೇಕು ಅನ್ನಿಸಿತ್ತು.

“ಬಿಸಾಡು,” ಅಂದರು ಅಜ್ಜಿ.

ನಾನು ಬಿಸಾಡಲಿಲ್ಲ. ಹಳೆ ಪೇಪರ್ ಇಡುವ ಚೀಲದ ಮೇಲೆ ಇಟ್ಟೆ. ಅದೇ ವಾರ, ಯುದ್ಧ ಬಂದರೆ ಮನೆಯಲ್ಲಿ ಎಷ್ಟು ದಿನದ ನೀರು, ದಿನಸಿ ಇಟ್ಟುಕೊಳ್ಳಬೇಕು ಅಂತ ಸರ್ಕಾರದ ಪುಸ್ತಿಕೆ ಎಲ್ಲರ ಮನೆಗೂ ಬಂದಿತ್ತು. ಅಜ್ಜಿ ಅದನ್ನೂ ಓದಿಸಿದರು. ಅರ್ಧ ಓದುವಷ್ಟರಲ್ಲಿ ಸಾಕು, ಮತ್ತೆ ಅದೇ ಶುರುವಾಯ್ತು, ಅಂದು ಕೈ ಎತ್ತಿದರು.

“ಆ ಅರಮನೆ ಕಾಗದ ಬಿಸಾಡಿದೆಯಾ?”

“ಇಲ್ಲ.”

“ಒಳ್ಳೇದಾಯ್ತು. ನಾನು ಹೋಗ್ತೀನಿ. ಅವರಿಗೆ ಒಂದು ಮಾತು ಹೇಳೋದಿದೆ.”

ಆ ಮಾತು ಏನು ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ದಿನಾ ಒಂದಿಷ್ಟು ಹೇಳುವರು, ನನ್ನ ಇಪ್ಪತ್ತೈದು ನಿಮಿಷ ಮುಗಿಯುವುದು, ಮರುದಿನ ನಿಲ್ಲಿಸಿದಲ್ಲಿಂದ ಶುರು. ಗಂಜಿ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಕೆಲವು ದಿನ ಮುಂದಿನ ಮನೆಗೆ ತಡವಾಗಿ ಹೋಗಿ ಬೈಸಿಕೊಂಡೆ.

ಅಜ್ಜಿಗೆ ಆಗ ಹದಿನೇಳು. ಕಾಡಿನೊಳಗೆ, ಯಾರಿಗೂ ಕಾಣದ ಹಾಗೆ ಕಟ್ಟಿದ ಮದ್ದಿನ ಕಾರ್ಖಾನೆ, ಈಗ ಅದರ ಗೋಡೆಯೂ ಉಳಿದಿಲ್ಲ. ಮೂರು ವರ್ಷ ದೊಡ್ಡವಳಾದ ಅಕ್ಕ ಮೊದಲು ಸೇರಿದ್ದಳು, ತಂಗಿಯನ್ನು ಅವಳೇ ಸೇರಿಸಿದಳು. ಬಂದೂಕಿನ ತೋಟೆಯ ತಳಕ್ಕೆ ಕೂರಿಸುವ ಗುಂಡಿಯಷ್ಟು ಚಿಕ್ಕ ತಾಮ್ರದ ಟೋಪಿಗಳಿಗೆ ಪುಡಿ ತುಂಬಿ, ಪ್ರೆಸ್ಸಿನಲ್ಲಿ ಒತ್ತುವುದು ಅಕ್ಕನ ಕೆಲಸ. ಟೋಪಿಗಳ ತಟ್ಟೆ ಹೊರುವುದು ಅಜ್ಜಿಯ ಕೆಲಸ. ಪುಡಿ ಯಾವುದು ಅಂತ ಅವರು ಹೇಳಬೇಕಾಗಿರಲಿಲ್ಲ. ಉಜ್ಜಿದರೆ ಸಾಕು, ಸಿಡಿಯುವಂಥದ್ದು. ಆ ಜಾತಿಯ ಪುಡಿಗಳ ಬಗ್ಗೆ ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಅದನ್ನು ದಿನಕ್ಕೆ ಹತ್ತು ಗಂಟೆ ಚಮಚದಲ್ಲಿ ಅಳೆದ ಹುಡುಗಿಯರು ಇದ್ದರು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಒಳಗೆ ಹೋಗುವಾಗ ಮೈಮೇಲೆ ಕಬ್ಬಿಣದ ಚೂರೂ ಇರಬಾರದು. ಕಾಲಿಗೆ ಉಣ್ಣೆಯ ಚಪ್ಪಲಿ. ಕೂದಲನ್ನು ದಾರದಲ್ಲಿ ಕಟ್ಟಿ ಮೇಲೆ ಬಿಳಿ ಬಟ್ಟೆ. ಬಾಗಿಲಲ್ಲಿ ಒಬ್ಬ ಹೆಂಗಸು ದಿನಾ ತಲೆ ತಡವಿ ನೋಡಿಯೇ ಒಳಗೆ ಬಿಡುತ್ತಿದ್ದಳು.

“ಅಕ್ಕನ ಪ್ರೆಸ್ಸಿನ ಚರ್ಮದ ಪಟ್ಟಿ ಸವೆದು ಹೋಗಿತ್ತು,” ಅಂದರು ಅಜ್ಜಿ. “ಲೋಹಕ್ಕೆ ಲೋಹ ತಾಗ್ತಿತ್ತು. ಸದ್ದು ನನಗೂ ಕೇಳ್ತಿತ್ತು. ಅವಳು ಮೇಸ್ತ್ರಿಗೆ ಎರಡು ಸಲ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ.”

“ಅವನು ಏನಂದ?”

“ನೋಡೋಣ ಅಂದ.”

ಒಂದು ಬೆಳಿಗ್ಗೆ ಅಜ್ಜಿ ತಟ್ಟೆ ಹೊತ್ತು ಬಾಗಿಲ ಹತ್ತಿರ ಬಂದಿದ್ದರು. ಸದ್ದು ಕೇಳಿದ ನೆನಪಿಲ್ಲ. ನೆಲದ ಮೇಲೆ ಬಿದ್ದಿದ್ದದ್ದು, ಬಾಯಲ್ಲಿ ಸುಣ್ಣದ ರುಚಿ ಇದ್ದದ್ದು, ಅಷ್ಟೇ ನೆನಪು. ಅಕ್ಕ ಹೋದಳು. ಅಕ್ಕನ ಎದುರು ಮೇಜಿನಲ್ಲಿದ್ದ ಇನ್ನೊಬ್ಬ ಹೆಂಗಸೂ ಹೋದಳು. ಅಜ್ಜಿಯ ಎರಡು ಬೆರಳು ಹೋದವು, ಎಡಗಿವಿ ಕಿವುಡಾಯಿತು.

ನಾಲ್ಕನೇ ದಿನ ಮೇಸ್ತ್ರಿ ಆಸ್ಪತ್ರೆಗೆ ಬಂದ, ಜೊತೆಗೆ ಸಮವಸ್ತ್ರದ ಅಧಿಕಾರಿಯೊಬ್ಬ. ಕೈಯಲ್ಲಿ ಟೈಪ್ ಮಾಡಿದ ಕಾಗದ. ಆ ದಿನ ಅಕ್ಕ ತಲೆಬಟ್ಟೆಯೊಳಗೆ ಕಬ್ಬಿಣದ ಹೇರ್‌ಪಿನ್ ಸಿಕ್ಕಿಸಿಕೊಂಡಿದ್ದಳು, ಅದನ್ನು ನಾನು ಕಣ್ಣಾರೆ ಕಂಡೆ ಅಂತ ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ.

“ಪ್ರೆಸ್ಸು ಕೆಟ್ಟಿತ್ತು ಅಂತಾದರೆ ವಿಚಾರಣೆ ಆಗುತ್ತೆ, ಕಾರ್ಖಾನೆ ನಿಲ್ಲುತ್ತೆ. ಗಡಿಯಲ್ಲಿರೋ ಹುಡುಗರು ಬರಿಗೈಲಿ ನಿಲ್ಲಬೇಕಾ, ಅಂದ ಆ ಅಧಿಕಾರಿ. ನಿನ್ನಕ್ಕ ಅಂತೂ ವಾಪಸ್ ಬರಲ್ಲ, ಅಂದ.” ಅಜ್ಜಿ ಕಿಟಕಿಯ ಕಡೆ ನೋಡುತ್ತಾ ಹೇಳಿದರು. “ನನ್ನ ಬಲಗೈ ಚೆನ್ನಾಗಿತ್ತು ನೋಡು. ಸಹಿ ಹಾಕಿದೆ.”

ನಾನು ಸಾಕ್ಸಿನ ಹಿಮ್ಮಡಿ ಸರಿ ಮಾಡುತ್ತಾ ನೆಲದ ಮೇಲೆಯೇ ಕೂತಿದ್ದೆ.

ಅವರ ಅಮ್ಮನಿಗೆ ಹೇರ್‌ಪಿನ್ನಿನ ವಿಷಯವನ್ನು ಹೇಳಿದ್ದು ಆ ಅಧಿಕಾರಿ. ಅಮ್ಮ ಮನೆಗೆ ಹೋಗಿ ಸತ್ತ ಮಗಳ ಬಾಚಣಿಗೆ, ಕನ್ನಡಿ, ರಿಬ್ಬನ್ನು ಎಲ್ಲ ಒಲೆಗೆ, ತಿಪ್ಪೆಗೆ ಹಾಕಿದಳು. ಅಜ್ಜಿ ಆಸ್ಪತ್ರೆಯಿಂದ ಬಂದ ದಿನ, ಬಾಗಿಲಲ್ಲೇ ಕೂರಿಸಿ, ಅಡುಗೆ ಮನೆಯ ಕತ್ತರಿಯಿಂದ ಅವರ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದಳು. ಶೋಕಿಗೋಸ್ಕರ ತಾನೂ ಸತ್ತು ಇನ್ನೊಬ್ಬಳನ್ನೂ ಕೊಂದವಳು ಅಂತ, ಆಮೇಲೆ ಆ ಮಗಳ ಹೆಸರನ್ನು ಬಾಯಲ್ಲಿ ಎತ್ತಲಿಲ್ಲ. ಇಪ್ಪತ್ತು ವರ್ಷ ಬದುಕಿದ್ದಳಂತೆ. ಅಜ್ಜಿ ಇಪ್ಪತ್ತು ವರ್ಷವೂ ನಿಜ ಹೇಳಲಿಲ್ಲ. ಹೇಳಿದ್ದರೆ ಸುಳ್ಳು ಸಹಿ ಹಾಕಿದವಳು ತಾನೇ ಅಂತಲೂ ಹೇಳಬೇಕಿತ್ತಲ್ಲ.

“ಆಮೇಲೆ ಕಾರ್ಖಾನೆಗೆ ರಾಜಮನೆತನದವರು ಬಂದರು,” ಅಂದರು.

ಸ್ಫೋಟವಾಗಿ ಆರು ವಾರಕ್ಕೆ. ಅಂಗಳ ಗುಡಿಸಿ, ಸುಟ್ಟ ಕಟ್ಟಡಕ್ಕೆ ಅಡ್ಡವಾಗಿ ಫರ್ ಮರದ ಕೊಂಬೆಗಳನ್ನು ನೆಟ್ಟರು. ಒಂದು ಕಡೆ ಕಾವಲಿನ ಸೈನಿಕರು, ಇನ್ನೊಂದು ಕಡೆ ಹೊಸ ಏಪ್ರನ್ ಕಟ್ಟಿಕೊಂಡ ಹೆಂಗಸರು. ಅಜ್ಜಿಯನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿ, ಎಡಗೈಗೆ ಕೈಗವಸು ಹಾಕಿ, ಇಲ್ಲದ ಬೆರಳುಗಳಲ್ಲಿ ಹತ್ತಿ ತುಂಬಿದರು. ಎದೆಗೆ ಒಂದು ಬಿಲ್ಲೆ ಚುಚ್ಚಿದರು. ಬ್ಯಾಂಡ್ ಬಾರಿಸಿತು. ಸತ್ತವರ ಮಾತು ಯಾರೂ ಆಡಲಿಲ್ಲ. ಯುದ್ಧದ ಕಾಲ, ಬಾಯಿ ಮುಚ್ಚಿಕೊಂಡಿರುವುದೇ ದೇಶಸೇವೆ. ಪೇಪರಿನಲ್ಲೂ ಒಂದಕ್ಷರ ಬರಲಿಲ್ಲ.

“ಆಗ ಹೇಳಲಿಲ್ಲ. ಈಗ ಮತ್ತೆ ಕರೆದಿದ್ದಾರೆ. ಈಗ ಹೇಳ್ತೀನಿ.”

“ನಿಮ್ಮ ಮಗನಿಗೆ ಗೊತ್ತಾ?”

“ಅವನಿಗೆ ದೊಡ್ಡಮ್ಮ ಒಬ್ಬಳಿದ್ದಳು ಅಂತಲೇ ಗೊತ್ತಿಲ್ಲ.”

ಮೊದಲು ಅವನಿಗೆ ಹೇಳಿ ಅಂತ ನಾನು ಒತ್ತಾಯ ಮಾಡಬೇಕಿತ್ತು. ಒಂದು ಸಲ ಹೇಳಿ ಸುಮ್ಮನಾದೆ. ಅದು ನನ್ನ ತಪ್ಪು. ನನ್ನನ್ನು ನಂಬಿ ಹೇಳಿದರಲ್ಲ ಅನ್ನುವ ಹೆಮ್ಮೆಯೂ ಅದರಲ್ಲಿ ಸೇರಿತ್ತು.

ಸಮಾರಂಭದ ದಿನ ನಾನು ರಜೆ ಹಾಕಿ ಹೋದೆ. ಸೀರೆ ಉಡಲಿಲ್ಲ, ಗಾಲಿಕುರ್ಚಿ ತಳ್ಳಬೇಕಿತ್ತು. ಸ್ಟಾಕ್‌ಹೋಮ್ ಸ್ಟೇಷನ್ನಿನಲ್ಲಿ ಮಗ ಸೇರಿಕೊಂಡ. ಸೂಟು, ಪಾಲಿಶ್ ಮಾಡಿದ ಬೂಟು, ಹೊಸದಾಗಿ ಕತ್ತರಿಸಿದ ಕೂದಲು. ಅಮ್ಮನ ಕೋಟಿನ ಕಾಲರನ್ನು ಮೂರು ಸಲ ಸರಿ ಮಾಡಿದ. “ಅಮ್ಮ ಕಾರ್ಖಾನೆಯಲ್ಲಿದ್ದರು ಅಂತ ಗೊತ್ತಿತ್ತು. ಹೀಗೆ ಕರೀತಾರೆ ಅಂದುಕೊಂಡಿರಲಿಲ್ಲ,” ಅಂತ ನನಗೆ ಹೇಳುವಾಗ ಅವನ ಕಣ್ಣು ತುಂಬಿತ್ತು.

ಸಭಾಂಗಣದಲ್ಲಿ ಗಾಲಿಕುರ್ಚಿಗಳದ್ದೇ ಒಂದು ಸಾಲು. ಅವುಗಳ ಪಕ್ಕಕ್ಕೆ ಈಗಿನ ಸೈನಿಕರು. ನಮ್ಮ ಹತ್ತಿರದಲ್ಲಿದ್ದವನಿಗೆ ಮೂವತ್ತೈದು ಇರಬಹುದು. ಅವನ ಬಲ ಮೊಣಕಾಲು ನಿಲ್ಲದೆ ಅಲ್ಲಾಡುತ್ತಿತ್ತು. ಅವನ ಹೆಂಡತಿ ಅದರ ಮೇಲೆ ಕೈಯಿಟ್ಟು ಕೂತಿದ್ದಳು, ಕೈಯೂ ಅಲ್ಲಾಡುತ್ತಿತ್ತು. ಒಬ್ಬ ಅಧಿಕಾರಿಣಿ ಬಂದು ಹೇಗೆ ಮಾತಾಡಬೇಕು ಅಂತ ಮೆಲ್ಲಗೆ ತಿಳಿಸಿದಳು. ರಾಜಮನೆತನದವರಿಗೆ ‘ದು’ ಅನ್ನುವ ಹಾಗಿಲ್ಲ, ಉತ್ತರ ಚಿಕ್ಕದಾಗಿರಲಿ.

ಹೆಸರು, ಊರು, ಮಾಡಿದ ಸೇವೆ ಒಂದೊಂದಾಗಿ ಓದಿದರು. ರಾಜಮನೆತನದವರೊಬ್ಬರು ಸಾಲಿನುದ್ದಕ್ಕೂ ಬಂದರು. ಪ್ರತಿಯೊಬ್ಬರ ಮುಂದೆಯೂ ಬಗ್ಗಿ ಮಾತಾಡಿ, ಪದಕ ತೊಡಿಸಿ, ಮುಂದೆ ಹೋಗುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ, ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರು. ಇದನ್ನು ಹೇಳಲೇಬೇಕು. ಆ ದಿನ ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ.

ಅಜ್ಜಿಯ ಸರದಿ ಬಂತು. “ನೀವು ಕಾರ್ಖಾನೆಯಲ್ಲಿ ಕೆಲಸ ಮಾಡಿದವರಲ್ಲವೇ?”

“ನನ್ನ ಅಕ್ಕನ ತಲೆಯಲ್ಲಿ ಪಿನ್ನು ಇರಲಿಲ್ಲ,” ಅಂದರು ಅಜ್ಜಿ.

“ಕ್ಷಮಿಸಿ?”

ಒಂದು ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ. ಎರಡನೇ ಸಲ ಅಜ್ಜಿ ಕೂಗಿಯೇ ಬಿಟ್ಟರು. “ಪಿನ್ನು ಇರಲಿಲ್ಲ! ಪ್ರೆಸ್ಸು ಕೆಟ್ಟಿತ್ತು. ಅವಳು ಸತ್ತಳು. ನಾನು ಸುಳ್ಳು ಸಹಿ ಹಾಕಿದೆ.”

ಮಗ ನನ್ನ ಕಡೆ ತಿರುಗಿದ. ರಾಜಮನೆತನದವರು ಇನ್ನೂ ಬಗ್ಗಿ, ಅಜ್ಜಿಯ ಬೆರಳಿಲ್ಲದ ಕೈಯನ್ನು ಹಿಡಿದುಕೊಂಡು ಕೇಳಿದರು:

“ನಿಮ್ಮ ಅಕ್ಕನ ಹೆಸರೇನು?”

ಅಜ್ಜಿ ಬಾಯಿ ತೆರೆದರು. ಹೆಸರು ಬರಲಿಲ್ಲ. ಮತ್ತೊಮ್ಮೆ ತೆರೆದರು. ತುಟಿ ಮಾತ್ರ ಅಲ್ಲಾಡಿತು. ನನ್ನ ಕಡೆ ನೋಡಿದರು. ನನಗೂ ಗೊತ್ತಿರಲಿಲ್ಲ. ಆ ಒಂದು ವಾರವೂ ಅವರು ಅಕ್ಕ ಅಂದಿದ್ದರೇ ಹೊರತು ಹೆಸರು ಹೇಳಿರಲಿಲ್ಲ. ಎಂಬತ್ತು ವರ್ಷ ಆ ಮನೆಯಲ್ಲಿ, ಆ ಬಾಯಲ್ಲಿ ಬಾರದ ಹೆಸರು.

ರಾಜಮನೆತನದವರು ಕಾದರು. ನಾವೆಲ್ಲರೂ ಕಾದೆವು. ಕೊನೆಗೆ ಹಿಂದಿದ್ದವರೊಬ್ಬರು ಮೆಲ್ಲಗೆ ಪದಕದ ತಟ್ಟೆಯನ್ನು ಮುಂದೆ ಮಾಡಿದರು. ಪದಕವನ್ನು ಅಜ್ಜಿಯ ಕೋಟಿಗೆ ಸಿಕ್ಕಿಸಿ, ಕೈಯನ್ನು ಮತ್ತೊಮ್ಮೆ ಒತ್ತಿ, ಅವರು ಮುಂದಿನ ಕುರ್ಚಿಗೆ ಹೋದರು.

ಆಮೇಲೆ ಕಾಫಿ, ಕೇಕು ಇತ್ತು. ಮಗ ಮುಟ್ಟಲಿಲ್ಲ.

“ಯಾವ ಅಕ್ಕ?” ಅಂತ ಅಮ್ಮನನ್ನು ಕೇಳಿದ. ಅಜ್ಜಿ ಕಿಟಕಿಯ ಕಡೆ ತಿರುಗಿದರು. ನನ್ನನ್ನು ಕಂಬದ ಪಕ್ಕಕ್ಕೆ ಕರೆದ. “ನಿನಗೆ ಗೊತ್ತಿತ್ತು.”

“ಹೌದು.”

“ಎಪ್ಪತ್ತು ವರ್ಷದಿಂದ ನಾನು ಇವರ ಮಗ. ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಿನ್ನ ಕೆಲಸ ಸಾಕ್ಸು, ಮಾತ್ರೆ. ಅಷ್ಟೇ ಅಲ್ವಾ?”

ಅವನು ನಮ್ಮ ಜೊತೆ ಸ್ಟೇಷನ್ನಿಗೆ ಬರಲಿಲ್ಲ.

ರೈಲು ಹೊರಟು ಅರ್ಧ ದಾರಿ ಬಂದಿರಬೇಕು. ಕಿಟಕಿಯಾಚೆ ಹೊಲಗಳು ಒದ್ದೆಯಾಗಿ ಮಲಗಿದ್ದವು. ಅಜ್ಜಿ ಇದ್ದಕ್ಕಿದ್ದಂತೆ ನೆಟ್ಟಗೆ ಕೂತು ಅಕ್ಕನ ಹೆಸರು ಹೇಳಿದರು. ಮತ್ತೆ ಹೇಳಿದರು. ಊರು ಬರುವವರೆಗೂ ಹೇಳುತ್ತಲೇ ಇದ್ದರು. ಎದುರು ಸೀಟಿನವನು ಎದ್ದು ಬೇರೆ ಬೋಗಿಗೆ ಹೋದ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು.

ಮರುದಿನ ಅಜ್ಜಿ ನನ್ನ ಕೈಯಲ್ಲಿ ಪೆನ್ನು ಕೊಟ್ಟರು. ಹಳೆಯ ಕಡತಗಳಿರುವ ಸರ್ಕಾರಿ ಪತ್ರಾಗಾರಕ್ಕೆ ಪತ್ರ ಬರೆಯಬೇಕು. ತಾನು ಸಹಿ ಹಾಕಿದ ಹೇಳಿಕೆ ಸುಳ್ಳು, ಅದನ್ನು ತಿದ್ದಬೇಕು. ನಾಲ್ಕು ಬೆಳಿಗ್ಗೆ ಹಿಡಿಯಿತು. ನನ್ನ ಸ್ವೀಡಿಷ್ ವ್ಯಾಕರಣವನ್ನು ಅವರು ತಿದ್ದುತ್ತಿದ್ದರು. ಕೊನೆಗೆ ಸಹಿ ಹಾಕುವಾಗ ಪೆನ್ನನ್ನು ಕಾಗದ ಹರಿಯುವಷ್ಟು ಒತ್ತಿದರು. ಅಂಚೆಗೆ ಹಾಕಿದ್ದು ನಾನು.

ಅದಾಗಿ ಮೂರನೇ ದಿನ ನನ್ನ ಮ್ಯಾನೇಜರ್ ಕರೆದಳು. ಮಗ ಫೋನ್ ಮಾಡಿದ್ದ. ಅಮ್ಮ ಊಟ ಬಿಟ್ಟಿದ್ದಾರೆ, ಯಾರದೋ ಹೆಸರು ಕೂಗುತ್ತಾರೆ, ಈ ಹೆಂಗಸು ಮನೆಯ ವಿಷಯದಲ್ಲಿ ತಲೆ ಹಾಕಿ ಅವರ ಮನಸ್ಸು ಕೆಡಿಸಿದ್ದಾಳೆ ಅಂತ ದೂರು. ಮ್ಯಾನೇಜರ್ ಸಿಟ್ಟು ಮಾಡಲಿಲ್ಲ. “ನೀನು ಕೆಟ್ಟದ್ದು ಮಾಡಿಲ್ಲ ಅಂತ ನನಗೆ ಗೊತ್ತು. ಆದರೆ ಮನೆಯವರು ಬೇಡ ಅಂದ ಮೇಲೆ ನಿನ್ನನ್ನು ಅಲ್ಲಿಗೆ ಕಳಿಸೋಕೆ ಆಗಲ್ಲ,” ಅಂದಳು. ಸೋಮವಾರದಿಂದ ನನಗೆ ಊರಿನ ಇನ್ನೊಂದು ತುದಿಯ ಮನೆಗಳು. ಅಜ್ಜಿಗೆ ಹೇಳಿ ಹೋಗಲೂ ಆಗಲಿಲ್ಲ. ನಾನೇಕೆ ಬರುತ್ತಿಲ್ಲ ಅಂತ ಅವರು ಏನಂದುಕೊಂಡರೋ. ತಾನು ಹೇಳಿದ್ದನ್ನು ಕೇಳಿ ಅಸಹ್ಯಪಟ್ಟಳು ಅಂದುಕೊಂಡರೋ ಏನೋ.

ಐದು ವಾರದ ಮೇಲೆ, ನನ್ನ ಜಾಗಕ್ಕೆ ಹೋಗುತ್ತಿದ್ದ ಹುಡುಗಿ ಆಫೀಸಿನಲ್ಲಿ ಸಿಕ್ಕಿ ಹೇಳಿದಳು. ಬೆಳಿಗ್ಗೆ ಬಾಗಿಲು ತೆಗೆದಾಗ ಅಜ್ಜಿ ಅಡುಗೆಮನೆಯ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರಂತೆ.

ಅಂತ್ಯಕ್ರಿಯೆಗೆ ಕರೆಯಿರಲಿಲ್ಲ, ಆದರೂ ಹೋದೆ. ಪ್ರಾರ್ಥನಾ ಮಂದಿರದಲ್ಲಿ ಒಂಬತ್ತು ಜನರಿದ್ದರು. ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಮೇಲೆ ಸದ್ದಿಲ್ಲದೆ ಹೊರಟಿದ್ದೆ. ಮಗ ಹಿಂದೆಯೇ ಬಂದು ಕೂಗಿದ.

“ನಿಲ್ಲು. ನಿನಗೆ ಒಂದು ತೋರಿಸಬೇಕು.”

ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದ. ಪತ್ರಾಗಾರದ ಉತ್ತರ. ಅಮ್ಮ ಸತ್ತ ಮೂರನೇ ದಿನ ಬಂದಿತ್ತು. ಹಳೆಯ ದಾಖಲೆಯನ್ನು ತಿದ್ದಲಾಗುವುದಿಲ್ಲ, ನಿಮ್ಮ ಪತ್ರವನ್ನು ಅದೇ ಕಡತಕ್ಕೆ ಸೇರಿಸಿದ್ದೇವೆ ಎಂದಿತ್ತು. ಕಡತದ ಪ್ರತಿಗಳನ್ನೂ ಕಳಿಸಿದ್ದರು. ಮೊದಲನೆಯದು ಆ ಹೇಳಿಕೆ. ಕೆಳಗೆ ಹದಿನೇಳು ವರ್ಷದ ಹುಡುಗಿಯ ದುಂಡನೆಯ ಸಹಿ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದ ಹಾಗೆ.

“ಅದರ ಹಿಂದಿರೋ ಹಾಳೆ ನೋಡು,” ಅಂದ ಮಗ.

ಅದು ಮೇಸ್ತ್ರಿಯ ದಿನಚರಿಯ ಪುಟ, ಸ್ಫೋಟಕ್ಕೆ ಎಂಟು ದಿನ ಮೊದಲಿನದು. ಪ್ರೆಸ್ಸಿನ ಪಟ್ಟಿ ಸವೆದಿದೆ ಅಂತ ಕೆಲಸದವಳಿಂದ ಎರಡನೇ ಸಲ ದೂರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ಒಂದು ಸಾಲು: ರಾಜಭೇಟಿಯ ದಿನಕ್ಕೆ ತಯಾರಾದ ಟೋಪಿಗಳ ಲೆಕ್ಕ ಕಡಿಮೆ ಬೀಳಬಾರದು, ಭೇಟಿ ಮುಗಿದ ಮೇಲೆ ರಿಪೇರಿ.

ನಾನು ಎರಡು ಸಲ ಓದಿದೆ. ಸುಳ್ಳು ಹೇಳಿಕೆಯ ಬೆನ್ನಿಗೇ ನಿಜವನ್ನೂ ಟ್ಯಾಗ್ ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಎಂಬತ್ತು ವರ್ಷ ಎರಡೂ ಒಂದೇ ಕಡತದಲ್ಲಿ ಬಿದ್ದಿದ್ದವು. ಯಾರು ಬೇಕಾದರೂ ಕೇಳಿ ಓದಬಹುದಿತ್ತು. ಯಾರೂ ಕೇಳಿರಲಿಲ್ಲ. ಅಜ್ಜಿಯೂ ಕೇಳಿರಲಿಲ್ಲ.

“ಅಮ್ಮ ಇದನ್ನು ನೋಡಲೇ ಇಲ್ಲ,” ಅಂದ. ಆಮೇಲೆ ಹಾಳೆಗಳನ್ನು ಲಕೋಟೆಗೆ ಸೇರಿಸುತ್ತಾ, “ನಿನ್ನ ಮೇಲೆ ದೂರು ಕೊಟ್ಟೆ. ಕೊಡಬಾರದಿತ್ತು. ಆದರೆ ಅವತ್ತು ನನಗೆ ಬೇರೆ ಏನು ಮಾಡಬೇಕೋ ತೋಚಲಿಲ್ಲ.”

“ನಾನೂ ನಿಮಗೆ ಮೊದಲೇ ಹೇಳಿಸಬೇಕಿತ್ತು,” ಅಂದೆ.

ಅವನು ಇಲ್ಲ ಅನ್ನಲಿಲ್ಲ. ಅದು ನನಗೆ ಸರಿಯೆನಿಸಿತು.

ಅವನಿಗೆ ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಸ್ಫೋಟದಲ್ಲಿ ಸತ್ತ ಆ ಎರಡನೇ ಹೆಂಗಸು. ಅವಳ ಮನೆಯವರೂ ಹೇರ್‌ಪಿನ್ನಿನ ಕಥೆಯನ್ನೇ ನಂಬಿರಬೇಕಲ್ಲ. ಕಡತದಲ್ಲಿ ಅವಳ ಹೆಸರು, ಊರು ಇತ್ತು. ಹುಡುಕುತ್ತೇನೆ ಅಂದ. ಆ ಚಳಿಗಾಲವೆಲ್ಲ ಹುಡುಕಿದ. ಚರ್ಚಿನ ಪುಸ್ತಕಗಳು, ಹಳೆ ವಿಳಾಸಗಳು. ಕೊನೆಗೆ ಉತ್ತರದ ಒಂದು ಸಣ್ಣ ಊರಿನಲ್ಲಿ ಆಕೆಯ ತಂಗಿಯ ಮೊಮ್ಮಗಳು ಸಿಕ್ಕಳು. ಫೋನ್ ಮಾಡಿದ ದಿನ ನನಗೂ ಫೋನ್ ಮಾಡಿದ.

“ಏನಂದಳು?”

“ನಾನು ಯಾರು ಅಂತ ಹೇಳಿದೆ. ದೊಡ್ಡಮ್ಮನ ಹೆಸರು ಹೇಳಿದೆ. ಆ ಹೆಸರು ಅವಳಿಗೆ ಗೊತ್ತಿತ್ತು.” ಅವನ ದನಿ ಒಡೆಯಿತು. “ನನಗೇ ಗೊತ್ತಿಲ್ಲದಿದ್ದ ಹೆಸರು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಶೋಕಿ ಮಾಡಿ ನಮ್ಮವಳನ್ನ ಕೊಂದವಳು ಅಂತ ಅವಳ ಅಜ್ಜಿ ಹೇಳ್ತಿದ್ದಳಂತೆ. ಈಗ ಯಾಕೆ ಫೋನ್ ಮಾಡ್ತಿದೀರಿ ಅಂದು ಇಟ್ಟುಬಿಟ್ಟಳು.”

ಅವನು ಎಲ್ಲ ಹಾಳೆಗಳ ಪ್ರತಿ ಮಾಡಿಸಿ ಅವಳ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ. ಅವಳು ಸಹಿ ಹಾಕಿ ತೆಗೆದುಕೊಂಡಿದ್ದಾಳೆ ಅಂತ ಅಂಚೆಯವರ ಚೀಟಿ ಬಂದಿದೆ. ಏಳು ತಿಂಗಳಾಯಿತು, ಅವಳಿಂದ ಉತ್ತರ ಬಂದಿಲ್ಲ.